ಖಾಲಿ ಜಾಗದ ಶಕ್ತಿ ಗುರುತ್ವವನ್ನು ಹೇಗೆ ಬದಲಿಸುತ್ತದೆ?
ಎಳೆಯುವ ಬದಲು ದೂಡುತ್ತದೆ.

ಮಂಡ್ಯದ ನಮ್ಮ ಆಲೆಮನೆಯ ಕೊಪ್ಪರಿಗೆಗೆ ನೀರು ಸುರಿದರೆ ಕಬ್ಬಿನ ಹಾಲು ತೆಳ್ಳಗಾಗುತ್ತದೆ. ವಿಶ್ವ ಹಿಗ್ಗಿದಾಗ ದ್ರವ್ಯದ ಪಾಡೂ ಅಷ್ಟೇ. ನಿರ್ವಾತದ, ಅಂದರೆ ಖಾಲಿ ಜಾಗದ, ಶಕ್ತಿ ಮಾತ್ರ ತೆಳುವಾಗುವುದಿಲ್ಲ. ಹಾಗೆ ಉಳಿಯಬೇಕಾದರೆ ಅದರ ಒತ್ತಡ ಶಕ್ತಿಯ ಸಾಂದ್ರತೆಯಷ್ಟೇ ದೊಡ್ಡದಾಗಿ, ಆದರೆ ಋಣಾತ್ಮಕವಾಗಿರಲೇಬೇಕು. ಐನ್‌ಸ್ಟೈನರ ಸಮೀಕರಣದಲ್ಲಿ ಗುರುತ್ವಕ್ಕೆ ಸಾಂದ್ರತೆಯ ಜೊತೆಗೆ ಒತ್ತಡದ ಮೂರು ಪಟ್ಟೂ ಸೇರುತ್ತದೆ: ಒಂದರಲ್ಲಿ ಮೂರು ಕಳೆದರೆ ಮೈನಸ್ ಎರಡು. ಅಲ್ಲಿಗೆ ಸೆಳೆತವೇ ವಿಕರ್ಷಣೆಯಾಯಿತು!

ವಿಶ್ವದ ಹಿಗ್ಗುವಿಕೆ ವೇಗಗೊಳ್ಳುತ್ತಿದೆ ಎಂದು 1998ರಲ್ಲಿ ದೂರದ ಸೂಪರ್‌ನೋವಾಗಳು, ಅಂದರೆ ಸಿಡಿದ ನಕ್ಷತ್ರಗಳು, ತೋರಿಸಿದವು. ಅದಕ್ಕೆ ಈ ಶಕ್ತಿಯೇ ಕಾರಣವಾದರೆ, ಪ್ರಮಾಣ ಘನ ಮೀಟರಿಗೆ ಮೂರ್ನಾಲ್ಕು ಹೈಡ್ರೋಜನ್ ಪರಮಾಣುಗಳಷ್ಟು ಮಾತ್ರ. ಚಾಮುಂಡಿ ಬೆಟ್ಟದಿಂದ ಉರುಳುವ ಕಲ್ಲಿಗೆ ಇದರ ಪರಿವೆಯೇ ಇಲ್ಲ. ನನ್ನನ್ನು ಕಾಡುವುದು ಬೇರೆ: ಈ ಶಕ್ತಿಗೆ ಕ್ವಾಂಟಮ್ ಸಿದ್ಧಾಂತ ಕೊಡುವ ಸರಳ ಅಂದಾಜು ಆ ಪ್ರಮಾಣದ ಸುಮಾರು 10ರ ಘಾತ 120 ಪಟ್ಟು.