ನೋಟ್‌ಬುಕ್ಕಿನ ಚೀಲ ಶಾಲೆಯಲ್ಲೇ ಇರಲಿ

ಓದುಗರ ಪತ್ರ: ಹಾವೇರಿ ಜಿಲ್ಲೆಯ ಸರ್ಕಾರಿ ಶಾಲೆಯೊಂದರಲ್ಲಿ ಐದನೇ ತರಗತಿಯ ಕ್ಲಾಸ್ ಟೀಚರ್ ನಾನು. 36 ಮಕ್ಕಳು, ಕನ್ನಡ, ಗಣಿತ ಎರಡೂ ನನ್ನವೇ. ಬೆಳಿಗ್ಗೆ 5ಕ್ಕೆ ಎದ್ದು ತಿಂಡಿ, ಡಬ್ಬಿ ಮುಗಿಸಿ 8.30ರ ಬಸ್ಸು ಹಿಡಿದರೆ ಮನೆ ಸೇರುವುದು ಸಂಜೆ 5.45ಕ್ಕೆ. ಗುರುವಾರ ಬರುವಷ್ಟರಲ್ಲಿ ಗಂಟಲು ಕಟ್ಟಿರುತ್ತದೆ. ಮಗನಿಗೆ 9 ವರ್ಷ, ಮಗಳಿಗೆ 5. ಯಜಮಾನರ ಕೆಲಸ ಬೇರೆ ಊರಲ್ಲಿ, ಶನಿವಾರ ರಾತ್ರಿ ಬರುತ್ತಾರೆ. ದಿನಾ ರಾತ್ರಿ 10ರವರೆಗೆ ನೋಟ್‌ಬುಕ್ ತಿದ್ದುತ್ತೇನೆ. ಇಡೀ ದಿನ ಊರ ಮಕ್ಕಳ ಮುಂದೆ ತಾಳ್ಮೆಯಿಂದಿದ್ದು ಮನೆಗೆ ಬಂದು ನನ್ನ ಮಕ್ಕಳ ಮೇಲೆ ಕೂಗಾಡುತ್ತೇನೆ. ಏನು ಮಾಡಲಿ?

ಸಂಪಾದಕರ ಉತ್ತರ: ಮೊದಲು ನೋಟ್‌ಬುಕ್ಕಿನ ಮಾತಾಡೋಣ. ನಿಮ್ಮ ದಿನದಲ್ಲಿ ತಕ್ಷಣ ಕಡಿಮೆ ಮಾಡಬಹುದಾದ ಭಾರ ಅದೊಂದೇ.

36 ಮಕ್ಕಳು, ಎರಡು ವಿಷಯ ಎಂದರೆ 72 ನೋಟ್‌ಬುಕ್. ಒಂದಕ್ಕೆ 2 ನಿಮಿಷ ಹಿಡಿದರೂ 144 ನಿಮಿಷ, ಅಂದರೆ ಹತ್ತಿರ ಹತ್ತಿರ ಎರಡೂವರೆ ಗಂಟೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯನ್ನು ಒಮ್ಮೆ ತೆಗೆದು ನೋಡಿ. ಶಿಕ್ಷಕರ ಕೆಲಸ ವಾರಕ್ಕೆ ಕನಿಷ್ಠ 45 ಗಂಟೆ, ಪಾಠದ ತಯಾರಿಯೂ ಅದರೊಳಗೇ ಎಂದು ಅಲ್ಲಿದೆ. ಶಾಲೆಯಲ್ಲೇ ಸುಮಾರು 35 ಗಂಟೆ ಕಳೆಯುತ್ತದೆ. ಉಳಿದ 10 ಗಂಟೆಯನ್ನು ನಿಮ್ಮ ಕೆಂಪು ಪೆನ್ನು ನಾಲ್ಕೇ ರಾತ್ರಿಯಲ್ಲಿ ಮುಗಿಸಿಬಿಡುತ್ತದೆ. ಪಾಠದ ತಯಾರಿಗೆ ಇನ್ನೆಲ್ಲಿಂದ ಹೊತ್ತು ತರುತ್ತೀರಿ?

ಮಕ್ಕಳನ್ನು ಆರಾರು ಜನರ ಆರು ಗುಂಪು ಮಾಡಿ, ಸೋಮವಾರದಿಂದ ಶನಿವಾರದವರೆಗೆ ದಿನಕ್ಕೊಂದು ಗುಂಪು. ಆ ಆರು ಮಕ್ಕಳ 12 ನೋಟ್‌ಬುಕ್ಕನ್ನು ತಲಾ 3 ನಿಮಿಷ ಕೂತು ಚೆನ್ನಾಗಿ ನೋಡಿ. 36 ನಿಮಿಷ ಸಾಕು. ಒಂದು ಬಿಡುವಿನ ಪಿರಿಯಡ್ಡಿನಲ್ಲಿ ಮುಗಿಯುತ್ತದೆ, ಇಲ್ಲವೇ ಶಾಲೆ ಬಿಟ್ಟ ಮೇಲೆ ಬಸ್ಸು ಬರುವುದರೊಳಗೆ. ಉಳಿದ 30 ಮಕ್ಕಳದ್ದನ್ನು ಪಿರಿಯಡ್ಡಿನ ಕೊನೆಯ 8 ನಿಮಿಷದಲ್ಲಿ ಸಾಲುಗಳ ನಡುವೆ ನಡೆಯುತ್ತ ನೋಡಿ ಒಂದು ಸಣ್ಣ ಗುರುತು ಹಾಕಿದರೆ ಆಯಿತು. ಗಣಿತವಾದರೆ ಉತ್ತರವನ್ನು ಬೋರ್ಡಿನ ಮೇಲೆ ಬರೆದು ಪಕ್ಕದವರ ನೋಟ್‌ಬುಕ್ಕನ್ನು ಪೆನ್ಸಿಲ್‌ನಲ್ಲಿ ತಿದ್ದಲು ಹೇಳಿ. ಎರಡಕ್ಕಿಂತ ಹೆಚ್ಚು ತಪ್ಪಿದ್ದವರದ್ದು ಮಾತ್ರ ನಿಮ್ಮ ಮೇಜಿಗೆ ಬರಲಿ.

ಕನ್ನಡದಲ್ಲಿ ಪ್ರತಿ ತಪ್ಪಿಗೂ ಕೆಂಪು ಗೆರೆ ಎಳೆಯುವ ಅಭ್ಯಾಸ ಬಿಡಿ. ಈ ವಾರ ಒತ್ತಕ್ಷರ, ಮುಂದಿನ ವಾರ ದೀರ್ಘ, ಅದರ ಮುಂದೆ ಅಲ್ಪಪ್ರಾಣ-ಮಹಾಪ್ರಾಣ. ಹುಡುಗ ‘ಅಕ್ಕ’ ಎನ್ನುವುದನ್ನು ‘ಅಕ’ ಎಂದು ಬರೆದಿದ್ದರೆ ಪದದ ಕೆಳಗೆ ಗೆರೆ ಎಳೆದು ಅಂಚಿನಲ್ಲಿ ‘ಒ’ ಎಂದಷ್ಟೇ ಬರೆಯಿರಿ. ಸರಿಯಾದ ರೂಪವನ್ನು ನೀವೇ ಬರೆದುಕೊಟ್ಟರೆ ಅವನು ಪುಟ ಮಗುಚಿಬಿಡುತ್ತಾನೆ. ‘ಒ’ ಕಂಡಾಗ ಎಲ್ಲಿ ಬಿಟ್ಟೆ ಎಂದು ತಾನೇ ಹುಡುಕಬೇಕಾಗುತ್ತದೆ. ಕಲಿಕೆ ಆಗುವುದು ಆ ಹುಡುಕಾಟದಲ್ಲಿ.

ಈ ಏರ್ಪಾಡು ಸಾಮಾನ್ಯವಾಗಿ ಎರಡು ಮೂರು ವಾರದಲ್ಲಿ ಕೆಡುತ್ತದೆ. ಒಂದು ದಿನ ತರಬೇತಿಗೆ ಹೋಗುತ್ತೀರಿ, ಆವತ್ತಿನ 12 ಉಳಿಯುತ್ತದೆ, ಮರುದಿನ 24 ಆಗುತ್ತದೆ, ಚೀಲ ಮತ್ತೆ ಬಸ್ಸು ಹತ್ತುತ್ತದೆ. ತಪ್ಪಿದ ಗುಂಪನ್ನು ಬಿಟ್ಟುಬಿಡಿ, ಅದರ ಸರದಿ ಮುಂದಿನ ವಾರ ಬಂದೇ ಬರುತ್ತದೆ. ಗುಂಪುಗಳ ಪಟ್ಟಿಯನ್ನು ಮುಖ್ಯೋಪಾಧ್ಯಾಯರಿಗೆ ಮೊದಲೇ ತೋರಿಸಿ, ಒಂದು ಪ್ರತಿಯನ್ನು ಹಾಜರಿ ಪುಸ್ತಕದೊಳಗೆ ಅಂಟಿಸಿ. ಸಿಆರ್‌ಪಿ (ಶಾಲೆಗಳಿಗೆ ಭೇಟಿ ಕೊಡುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬಂದು ತಿದ್ದದ ಪುಟ ತೋರಿಸಿದಾಗ ಬಾಯಿಮಾತಿನ ಸಮಜಾಯಿಷಿಗಿಂತ ಆ ಹಾಳೆ ನಿಮ್ಮ ಪರ ಚೆನ್ನಾಗಿ ಮಾತಾಡುತ್ತದೆ.

ಇನ್ನು ಗಂಟಲು. ಗುರುವಾರ ಕಟ್ಟುವ ಗಂಟಲು ಶುಕ್ರವಾರ ಮನೆಯಲ್ಲಿ ಕೂಗಾಗುತ್ತದೆ. ಸ್ವರ ಏರಿಳಿಸಲು ಆಗದವರಿಗೆ ಮೆತ್ತಗೆ ಹೇಳಿ ಒಪ್ಪಿಸುವ ದಾರಿಯೇ ಇರುವುದಿಲ್ಲ. ಬೆಳಿಗ್ಗೆ ಮನೆ ಬಿಡುವ ಮುಂಚೆ ಅರ್ಧ ಲೋಟ ನೀರಿನಲ್ಲಿ ಒಂದು ಸ್ಟ್ರಾವನ್ನು 2 ಸೆಂಟಿಮೀಟರಿನಷ್ಟು ಮುಳುಗಿಸಿ, ಕೆನ್ನೆ ಸಡಿಲ ಬಿಟ್ಟು, ‘ಊ’ ಎನ್ನುತ್ತ ಗುಳ್ಳೆ ಎಬ್ಬಿಸಿ. 3 ನಿಮಿಷ ಸಾಕು. ನೀರು ಹಿಂದಕ್ಕೆ ಕೊಡುವ ಒತ್ತಡದಿಂದ ಧ್ವನಿತಂತುಗಳು ಒಂದಕ್ಕೊಂದು ಜೋರಾಗಿ ಬಡಿಯದೆ ಹಗುರವಾಗಿ ಕಂಪಿಸುತ್ತವೆ. ಸಂಜೆ ಇನ್ನೆರಡು ನಿಮಿಷ ಮಾಡಿ. ಮಗಳೂ ಇನ್ನೊಂದು ಲೋಟ ಹಿಡಿದು ಪಕ್ಕದಲ್ಲಿ ಕೂರಲಿ, ಅವಳಿಗದು ಆಟ.

ಗಂಟಲು ಕಟ್ಟಿದಾಗ ಪಿಸುಮಾತಿಗೆ ಇಳಿಯಬೇಡಿ, ಗಂಟಲು ಕೆರೆದು ಸರಿಮಾಡಿಕೊಳ್ಳಲೂಬೇಡಿ. ಎರಡೂ ತಂತುಗಳಿಗೆ ಕೆಟ್ಟದ್ದು. ಒಂದು ಗುಟುಕು ನೀರು ಕುಡಿದು ಸಣ್ಣ ಧ್ವನಿಯಲ್ಲಿ ಮಾತಾಡಿ. ಮಾತು ಮುಗಿಯುವವರೆಗೆ ಬೋರ್ಡಿಗೆ ಮುಖ ಮಾಡಬೇಡಿ. ಗದ್ದಲ ನಿಲ್ಲಿಸಲು ಮೂರು ಚಪ್ಪಾಳೆಯ ಗುರುತು ಕಲಿಸಿ, ನಿಂತ ಮೇಲಷ್ಟೇ ಬಾಯಿ ತೆರೆಯಿರಿ. ಬೋರ್ಡನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸೀಮೆಸುಣ್ಣದ ಪುಡಿ ಹಾರುವುದಿಲ್ಲ. ಎರಡು ಪಿರಿಯಡ್ ಒಟ್ಟಿಗೆ ಬಂದರೆ ಎರಡನೆಯದರಲ್ಲಿ ಬರೆಯುವ ಕೆಲಸ ಕೊಡಿ. ರಾತ್ರಿ ಊಟ ಮಲಗುವುದಕ್ಕೆ 2 ಗಂಟೆ ಮೊದಲೇ ಆಗಲಿ, ಹೊಟ್ಟೆಯ ಹುಳಿ ಗಂಟಲಿಗೆ ಏರಿದರೂ ಬೆಳಿಗ್ಗೆ ಸ್ವರ ಒಡೆಯುತ್ತದೆ. ಮೂರು ವಾರ ಕಳೆದರೂ ಗೊಗ್ಗರು ಹೋಗದಿದ್ದರೆ ಕಿವಿ-ಮೂಗು-ಗಂಟಲು ವೈದ್ಯರ ಹತ್ತಿರ ಹೋಗಿ ತಂತುಗಳನ್ನೇ ನೋಡಿಸಬೇಕು. ಗಂಟುಗಳಾಗಿದ್ದರೆ ಕಷಾಯಕ್ಕೆ ಬಗ್ಗುವುದಿಲ್ಲ.

ನೀರಿನ ಬಗ್ಗೆ ನೀವು ಏನೂ ಬರೆದಿಲ್ಲ. ಶೌಚಾಲಯ ಸರಿಯಿಲ್ಲವೆಂದು ಬೆಳಗಿನಿಂದ ಸಂಜೆವರೆಗೆ ನೀರನ್ನೇ ಮುಟ್ಟದ ಶಿಕ್ಷಕಿಯರು ಬಹಳ ಮಂದಿ. ಅದರಿಂದ ಉರಿಮೂತ್ರ, ತಲೆನೋವು, ಒಣಗಿದ ಗಂಟಲು ಮೂರೂ ಬರುತ್ತವೆ. ನಿಮ್ಮ ಶಾಲೆಯಲ್ಲೂ ಹಾಗೇ ಇದ್ದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಶೌಚಾಲಯದ ವಿಷಯ ಎತ್ತಿ, ನಡಾವಳಿಯಲ್ಲಿ ಬರೆಸಿ. ಇದರಲ್ಲಿ ಸಂಕೋಚ ಪಡಬೇಕಾದ್ದು ಏನೂ ಇಲ್ಲ.

ದಣಿವನ್ನು ಪೂರಾ ಕೆಲಸದ ಲೆಕ್ಕಕ್ಕೇ ಹಾಕುವ ಮೊದಲು ರಕ್ತ ಪರೀಕ್ಷೆ ಮಾಡಿಸಿ: ಹಿಮೋಗ್ಲೋಬಿನ್, ಥೈರಾಯ್ಡ್, ಬಿ12. ಹೆಂಗಸರಿಗೆ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕೆಳಗಿದ್ದರೆ ರಕ್ತಹೀನತೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಇದಿದೆ. ಮೆಟ್ಟಿಲು ಹತ್ತುವಾಗ ಏದುಸಿರು, ಸಣ್ಣದಕ್ಕೂ ಸಿಡಿಮಿಡಿ ಇದರ ಲಕ್ಷಣವೂ ಆಗಿರಬಹುದು. ಊಟವಾದ ಕೂಡಲೇ ಚಹಾ ಕುಡಿದರೆ ಊಟದಲ್ಲಿನ ಕಬ್ಬಿಣದ ಅಂಶ ಸರಿಯಾಗಿ ಮೈಗೆ ಹತ್ತುವುದಿಲ್ಲ, ಒಂದು ಗಂಟೆ ತಡೆಯಿರಿ.

ಈಗ ಸಂಜೆ 5.45. ನಿಮಗೂ ಹಸಿವು, ಮಕ್ಕಳಿಗೂ ಹಸಿವು. ಆ ಹೊತ್ತಿನಲ್ಲಿ ‘ಹೋಂವರ್ಕ್ ಆಯ್ತಾ?’ ಎಂಬ ಪ್ರಶ್ನೆ ಮೊದಲು ಬಂದರೆ ಜಗಳ ಶುರುವಾಯಿತೆಂದೇ ಲೆಕ್ಕ. ಕೈಕಾಲು ತೊಳೆದು ಮೂವರೂ ಕೂತು ಏನಾದರೂ ತಿನ್ನಿ. ಮಂಡಕ್ಕಿ, ಹುರಿದ ಶೇಂಗಾ, ಬಾಳೆಹಣ್ಣು, ಏನಿದ್ದರೆ ಅದು. ಆಮೇಲೆ 10 ನಿಮಿಷ ಕಾಲನ್ನು ಗೋಡೆಗೆ ಎತ್ತಿಟ್ಟು ಮಲಗಿ. ದಿನವಿಡೀ ನಿಂತ ಕಾಲಿನ ಬಾವು ಇಳಿಯುತ್ತದೆ. ಮಗಳು ಹೊಟ್ಟೆ ಮೇಲೆ ಕೂತರೂ ಪರವಾಗಿಲ್ಲ. ಅವಳಿಗೆ ಬೇಕಾಗಿರುವುದು ಅದೇ.

ಮಗನ ಹೋಂವರ್ಕಿಗೆ 30 ನಿಮಿಷದ ಮಿತಿ ಇಡಿ. ನೀವು ಪಕ್ಕದಲ್ಲಿ ಕಾಯಿಪಲ್ಲೆ ಹೆಚ್ಚುತ್ತಿರಿ, ಪಾಠ ಮಾಡಬೇಡಿ. ಉಳಿದದ್ದು ಉಳಿಯಲಿ, ‘ಇಷ್ಟಾಯಿತು’ ಎಂದು ಡೈರಿಯಲ್ಲಿ ಬರೆದು ಸಹಿ ಹಾಕಿ. ಶಿಕ್ಷಕಿಯ ಮಗ ಅರ್ಧ ಬರೆದುಕೊಂಡು ಹೋದರೆ ಜನ ಏನೆಂದಾರು ಎಂಬ ಅಂಜಿಕೆ ನಿಮ್ಮಂಥವರಿಗೆ ಹೆಚ್ಚು, ಗೊತ್ತು. ಆದರೆ ಆ ಅಂಜಿಕೆಯ ಬೆಲೆ ತೆರುತ್ತಿರುವವನು 9 ವರ್ಷದ ಹುಡುಗ. ಮಗ್ಗಿ ಒಪ್ಪಿಸಿಕೊಳ್ಳುವುದನ್ನು ಅವನ ಅಪ್ಪನಿಗೆ ವಹಿಸಿ, ದಿನಾ 7.30ಕ್ಕೆ ಫೋನಿನಲ್ಲಿ. ಇದು ಪೂರ್ತಿ ಅವರದೇ ಕೆಲಸ. ನೆನಪಿಸುವ ಹೊಣೆಯೂ ನಿಮ್ಮದಾಗಬಾರದು.

ಅಡುಗೆಯಲ್ಲಿ ವಾರಕ್ಕೆರಡು ರಾತ್ರಿ ಒಲೆಗೆ ರಜೆ ಕೊಡಿ. ಖಡಕ್ ರೊಟ್ಟಿ ಮಾಡಿ ಮಾರುವವರು ನಿಮ್ಮ ಕಡೆ ಊರೂರಿಗೂ ಇದ್ದಾರೆ. ಒಂದು ಕಟ್ಟು ತಂದಿಟ್ಟರೆ ಗಾಳಿಯಾಡದ ಡಬ್ಬಿಯಲ್ಲಿ ವಾರಗಟ್ಟಲೆ ಕೆಡುವುದಿಲ್ಲ. ಮಕ್ಕಳಿಗೆ ಗಟ್ಟಿ ಎನಿಸಿದರೆ ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ 5 ನಿಮಿಷ ಸುತ್ತಿಡಿ. ಮೊಸರು, ಗುರೆಳ್ಳು ಚಟ್ನಿ, ಸೌತೆಕಾಯಿ, ಒಂದು ಬೇಯಿಸಿದ ಮೊಟ್ಟೆ ಇದ್ದರೆ ಅದು ಪೂರ್ಣ ಊಟವೇ.

ಶಿಕ್ಷಕರ ವಾಟ್ಸಾಪ್ ಗ್ರೂಪಿನಲ್ಲಿ ರಾತ್ರಿ 9ಕ್ಕೆ ‘ತುರ್ತು ಮಾಹಿತಿ’ ಕೇಳುವುದು ಸದ್ಯಕ್ಕೆ ನಿಲ್ಲುವಂತೆ ಕಾಣುವುದಿಲ್ಲ. ಪ್ರತಿ ಮಗುವಿನ ಸ್ಯಾಟ್ಸ್ ಸಂಖ್ಯೆ (ಇಲಾಖೆಯ ದಾಖಲೆಯಲ್ಲಿ ಮಗುವಿನ ಗುರುತಿನ ಸಂಖ್ಯೆ), ಹುಟ್ಟಿದ ದಿನಾಂಕ, ಪೋಷಕರ ಮೊಬೈಲ್, ಬ್ಯಾಂಕ್ ಖಾತೆಯ ವಿವರ ಒಂದೇ ಪುಸ್ತಕದಲ್ಲಿ ಸಾಲಾಗಿದ್ದರೆ ಇಂಥ ಬಹುತೇಕ ಬೇಡಿಕೆ 10 ನಿಮಿಷದಲ್ಲಿ ತೀರುತ್ತದೆ. ಪುಸ್ತಕಕ್ಕೆ ಬೀಗ ಇರಲಿ, ಅದರ ಫೋಟೋ ಗ್ರೂಪಿಗೆ ಹೋಗದಿರಲಿ. ರಾತ್ರಿ 8ಕ್ಕೊಮ್ಮೆ ನೋಡಿ, ಆಮೇಲೆ ಬೆಳಿಗ್ಗೆಯೇ.

ಇಷ್ಟೆಲ್ಲ ಮಾಡಿದರೂ ಒಂದು ದಿನ ಕೂಗುತ್ತೀರಿ. ಆಗ ಮಕ್ಕಳು ಮಲಗುವ ಮೊದಲೇ ಹೇಳಿ: ‘ನಾನು ಕೂಗಿದ್ದು ತಪ್ಪು. ನನಗೆ ಸುಸ್ತಾಗಿತ್ತು. ನಿನ್ನಿಂದ ಅಲ್ಲ.’ ಅಷ್ಟಕ್ಕೇ ನಿಲ್ಲಿಸಿ. ‘ಆದರೆ ನೀನೂ...’ ಎಂದು ಸೇರಿಸಿದರೆ ಮಗುವಿನ ಕಿವಿಯಲ್ಲಿ ಉಳಿಯುವುದು ಆ ಕೊನೆಯ ಮಾತೇ. ಎರಡು ವಾರ ಬಿಡದೆ ನಿದ್ದೆ ಕೆಟ್ಟರೆ, ಕಾರಣವಿಲ್ಲದೆ ಅಳು ಬಂದರೆ, ಯಾವುದೂ ಬೇಡ ಎನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಶುಲ್ಕವಿಲ್ಲ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಕೊನೆಗೆ ರಜೆ. ರಾಜ್ಯ ಸರ್ಕಾರಿ ನೌಕರಿಯ ತಾಯಂದಿರಿಗೆ 2021ರಿಂದ ಶಿಶುಪಾಲನಾ ರಜೆ ಇದೆ. ಇಡೀ ಸೇವಾವಧಿಯಲ್ಲಿ ಒಟ್ಟು 180 ದಿನ, ಕಿರಿಯ ಮಗುವಿಗೆ 18 ವರ್ಷ ತುಂಬುವವರೆಗೆ. ಮಂಜೂರು ಮಾಡುವುದು ಅಧಿಕಾರಿಗೆ ಬಿಟ್ಟದ್ದು, ಹಾಗಾಗಿ ಪರೀಕ್ಷೆಯ ತಿಂಗಳು ಬಿಟ್ಟು, ಬದಲಿ ವ್ಯವಸ್ಥೆಯನ್ನು ಮುಖ್ಯೋಪಾಧ್ಯಾಯರ ಜೊತೆ ಮೊದಲೇ ಮಾತಾಡಿ ಅರ್ಜಿ ಹಾಕಿ. ಮಗಳು ಮುಂದಿನ ಜೂನ್‌ನಲ್ಲಿ ಒಂದನೇ ತರಗತಿಗೆ ಸೇರುವವಳಿದ್ದರೆ ಆ ಮೊದಲ ವಾರಗಳಿಗೆ ಕೇಳಬಹುದು. ರಕ್ತ ಪರೀಕ್ಷೆಯ ವರದಿ ಬಂದ ಮೇಲೆ, ಗುಂಪಿನ ಲೆಕ್ಕ ನಿಮ್ಮ ತರಗತಿಗೆ ಹೊಂದಿತೋ ಇಲ್ಲವೋ ಎಂಬುದನ್ನೂ ಸೇರಿಸಿ ನಮಗೆ ಬರೆಯಿರಿ.