ಡಿಗ್ರಿ ಮುಗೀತಾ ಬಂತು, ಮುಂದೇನು?

ಪ್ರಶ್ನೆ: ಸ್ಟ್ಯಾಟಿಸ್ಟಿಕ್ಸ್ ಫೈನಲ್ ಇಯರ್‌ನಲ್ಲಿದೀನಿ. ಕ್ಲಾಸಲ್ಲಿ ಅರ್ಧ ಜನ ಮಾಸ್ಟರ್ಸ್ ಅಂತಿದಾರೆ, ಇನ್ನರ್ಧ ಪ್ಲೇಸ್‌ಮೆಂಟ್ ಅಂತ ಓಡಾಡ್ತಿದಾರೆ. ನಂಗೆ ಬೆಳಿಗ್ಗೆ ಒಂದು ಸರಿ ಅನ್ಸಿದ್ರೆ ರಾತ್ರಿ ಇನ್ನೊಂದು. ಹೇಗೆ ಡಿಸೈಡ್ ಮಾಡ್ಲಿ?

ಉತ್ತರ: ಯಾವ್ದು ಒಳ್ಳೇದು ಅಂತ ಯೋಚ್ನೆ ಮಾಡ್ತಾ ಕೂತ್ರೆ ಸೆಮಿಸ್ಟರ್ ಪೂರ್ತಿ ಅದ್ರಲ್ಲೇ ಹೋಗುತ್ತೆ. ಯಾವ್ದು ಎರಡು ವರ್ಷ ಕಾಯುತ್ತೆ, ಯಾವ್ದು ಕಾಯಲ್ಲ ಅಂತ ಮೊದ್ಲು ನೋಡಿ. ಮಾಸ್ಟರ್ಸ್ ಬಹುಮಟ್ಟಿಗೆ ಕಾಯುತ್ತೆ. ಫ್ರೆಶರ್ಸ್‌ಗೆ ಅಂತಾನೇ ಇರೋ ಟ್ರೈನಿ ಕೆಲಸಗಳು ಕಾಯಲ್ಲ, ಎಷ್ಟೋ ಕಂಪನಿಗಳು ಈಗಷ್ಟೇ ಪಾಸಾದವ್ರನ್ನ ಮಾತ್ರ ತಗೊಳ್ಳೋದು. ವಿದೇಶದಲ್ಲಿ ಮಾಸ್ಟರ್ಸ್ ಮಾಡೋಕೆ ಬರೆಯೋ ಜಿಆರ್‌ಇ ಪರೀಕ್ಷೆಯ ಸ್ಕೋರ್ 5 ವರ್ಷ ನಡೆಯುತ್ತೆ, ಹಾಗಾಗಿ ನಿಮ್ಗೆ ಬೇಕಾದ ಕೋರ್ಸ್‌ನವ್ರು ಅದನ್ನ ಕೇಳೋದಾದ್ರೆ (ಈಗ ತುಂಬಾ ಕಡೆ ಕೇಳಲ್ಲ, ನೋಡ್ಕೊಳ್ಳಿ) ಓದೋ ಅಭ್ಯಾಸ ಇರುವಾಗ್ಲೇ ಬರೆದಿಟ್ಟು ಕೆಲಸಕ್ಕೆ ಸೇರ್ಬಹುದು. ಇಂಗ್ಲಿಷ್ ಎಷ್ಟು ಬರುತ್ತೆ ಅಂತ ನೋಡೋ ಐಇಎಲ್‌ಟಿಎಸ್, ಟೋಫೆಲ್ ಪರೀಕ್ಷೆಗಳು ಹಾಗಲ್ಲ, 2 ವರ್ಷಕ್ಕೆ ಮುಗೀತು, ಅದಕ್ಕೆ ಈಗ್ಲೇ ಫೀಸ್ ಕಟ್ಬೇಡಿ.

ಇನ್ನೊಂದು ಕಾಯದೇ ಇರೋದು ರೆಕಮೆಂಡೇಶನ್ ಲೆಟರ್. ಎರಡು ವರ್ಷ ಬಿಟ್ಟು ಮೇಲ್ ಹಾಕಿದ್ರೆ ಪಾಪ ಆ ಪ್ರೊಫೆಸರ್‌ಗೆ ನಿಮ್ಮ ಮುಖಾನೇ ನೆನಪಿರಲ್ಲ. ಕಾಲೇಜು ಬಿಡೋಕ್ ಮುಂಚೆ ಹೋಗಿ ಮಾತಾಡಿ, ನಿಮ್ಮ ಸಿವಿ, ಅವ್ರ ಪೇಪರ್‌ನಲ್ಲಿ ಬಂದ ಮಾರ್ಕ್ಸ್, ಪ್ರಾಜೆಕ್ಟಲ್ಲಿ ನೀವು ಮಾಡಿದ್ದೇನು ಅಂತ ನಾಲ್ಕು ಸಾಲು, ಇಷ್ಟನ್ನ ಒಂದೇ ಮೇಲ್‌ನಲ್ಲಿ ಕಳ್ಸಿಡಿ. ಮುಂದೆ ಅಪ್ಲೈ ಮಾಡುವಾಗ ಅದೇ ಮೇಲ್‌ಗೆ ರಿಪ್ಲೈ ಹಾಕಿದ್ರಾಯ್ತು, ಎಲ್ಲಾ ಅವ್ರ ಕಣ್ಮುಂದೇನೇ ಇರುತ್ತೆ.

ಕೆಲಸ ಸಿಗಲ್ವೇನೋ ಅನ್ನೋ ಭಯಕ್ಕೆ ಮಾಸ್ಟರ್ಸ್ ಸೇರೋದನ್ನ ಮಾತ್ರ ನಾನು ಒಪ್ಪಲ್ಲ, ಎರಡು ವರ್ಷ ಆದ್ಮೇಲೆ ಅದೇ ಭಯ, ಜೊತೆಗೆ ಸಾಲ. ಆದ್ರೆ ಪ್ರಾಜೆಕ್ಟಲ್ಲಿ ಡೇಟಾ ತಾಳೆ ಆಗ್ದೇ ಇದ್ದಾಗ ಯಾರೂ ಹೇಳ್ದೇನೇ ರಾತ್ರಿ ತನಕ ಕೂತು ಹುಡುಕಿದ್ರೆ ಮಾತು ಬೇರೆ, ಆಗ ಕಾಯೋದೇ ಬೇಡ, ಸೀದಾ ಓದೋಕ್ ಹೋಗಿ.

ಪ್ರಶ್ನೆ: ಆನ್‌ಲೈನಲ್ಲಿ ಸಿಕ್ಕಸಿಕ್ಕ ಕಡೆಯೆಲ್ಲಾ ಅಪ್ಲೈ ಮಾಡ್ದೆ, ಒಂದು ಉತ್ತರಾನೂ ಇಲ್ಲ. ಸಿವಿ ಸರಿಯಿಲ್ವಾ?

ಉತ್ತರ: ಇರ್ಬಹುದು. ಡೌನ್‌ಲೋಡ್ ಮಾಡಿದ ಚಂದದ ಟೆಂಪ್ಲೇಟ್ ಆದ್ರೆ ಬಿಸಾಕಿ. ದೊಡ್ಡ ಕಂಪನಿಗಳಲ್ಲಿ ಸಿವಿ ಮೊದ್ಲು ಸಾಫ್ಟ್‌ವೇರ್‌ಗೆ ಹೋಗುತ್ತೆ, ಎರಡು ಕಾಲಂ, ಟೇಬಲ್, ಚಿತ್ರದೊಳಗಿರೋ ಅಕ್ಷರ ಇವೆಲ್ಲಾ ಅಲ್ಲಿ ಕಲಸುಮೇಲೋಗರ ಆಗೋದುಂಟು. ಒಂದೇ ಕಾಲಂ, ಸಾದಾ ಅಕ್ಷರ ಸಾಕು.

ಆದ್ರೆ ಅಸಲಿ ವಿಷ್ಯ ಬೇರೆ. ಮಾರ್ಕ್ ಗ್ರಾನೊವೆಟ್ಟರ್ ಅಂತ ಅಮೆರಿಕಾದ ಸಮಾಜಶಾಸ್ತ್ರಜ್ಞ, 1973ರಲ್ಲಿ ಒಂದು ಪ್ರಬಂಧ ಬರೆದ್ರು. ಪರಿಚಯದವ್ರ ಮೂಲಕ ಕೆಲಸ ಸಿಕ್ಕಿದವ್ರನ್ನ ಕೇಳಿದ್ರೆ, ಆ ಪರಿಚಯದವ್ರನ್ನ ಆಗಾಗ ಭೇಟಿ ಆಗ್ತಿದ್ವಿ ಅಂದವ್ರು ಶೇ. 17ರಷ್ಟು ಮಾತ್ರ, ಉಳಿದವ್ರೆಲ್ಲಾ ಯಾವಾಗ್ಲೋ ಒಮ್ಮೆ ಸಿಗ್ತಿದ್ದೋರು. ನಿಮ್ಮ ಗ್ಯಾಂಗ್‌ಗೆ ಗೊತ್ತಿರೋ ಕೆಲಸ ನಿಮ್ಗೂ ಗೊತ್ತಿರುತ್ತಲ್ವಾ, ಹೊಸ ಸುದ್ದಿ ಬರೋದು ಆಚೆಯಿಂದ್ಲೇ. ಅದಕ್ಕೆ ಎರಡು ಮೂರು ವರ್ಷದ ಹಿಂದೆ ಪಾಸಾದ ಸೀನಿಯರ್ಸ್‌ಗೆ ಮೆಸೇಜ್ ಮಾಡಿ. "ಏನಾದ್ರೂ ಓಪನಿಂಗ್ ಇದ್ರೆ ಹೇಳಿ ಸರ್" ಅಂತ ಅಲ್ಲ, ಅದಕ್ಕೆ ಎಲ್ರೂ "ಶ್ಯೂರ್" ಅಂದು ಮರೀತಾರೆ. "ನಿಮ್ಮ ಕೆಲಸದ ಬಗ್ಗೆ 15 ನಿಮಿಷ ಕೇಳ್ಬಹುದಾ" ಅನ್ನಿ, ಸಿಕ್ಕಾಗ "ಕಳೆದ ಮಂಗಳವಾರ ಬೆಳಿಗ್ಗೆಯಿಂದ ಸಂಜೆವರೆಗೆ ಏನ್ ಮಾಡಿದ್ರಿ" ಅಂತ ಕೇಳಿ. ಡೇಟಾ ಸೈನ್ಸ್ ಅಂದ್ಕೊಂಡಿದ್ದು ಇಡೀ ದಿನ ಎಕ್ಸೆಲ್ ಕ್ಲೀನ್ ಮಾಡೋ ಕೆಲಸ ಅಂತ ಅಲ್ಲೇ ಗೊತ್ತಾಗುತ್ತೆ.

ಪ್ರಶ್ನೆ: ಕರಿಯರ್ ಟೆಸ್ಟ್‌ನಲ್ಲಿ ನಂಗೆ "ಆರ್ಟಿಸ್ಟಿಕ್" ಅಂತ ಬಂದಿದೆ, ಓದ್ತಿರೋದು ಕಾಮರ್ಸ್!

ಉತ್ತರ: ಗಾಬರಿ ಬೇಡ. ಅದು ಅಮೆರಿಕಾದ ಮನಶ್ಶಾಸ್ತ್ರಜ್ಞ ಜಾನ್ ಹಾಲೆಂಡ್ 1959ರಲ್ಲಿ ಮುಂದಿಟ್ಟ, ಜನರನ್ನ ಆರು ಬಗೆಯಾಗಿ ವಿಂಗಡಿಸೋ ಲೆಕ್ಕ, ಅಳೆಯೋದು ಆಸಕ್ತೀನ, ಸಾಮರ್ಥ್ಯಾನ ಅಲ್ಲ. ಜಾಹೀರಾತು, ಬ್ರ್ಯಾಂಡಿಂಗ್ ಕಡೆ ಒಂದು ಇಂಟರ್ನ್‌ಶಿಪ್ ಮಾಡಿ ನೋಡಿ.

ಪ್ರಶ್ನೆ: ಸರ್ಕಾರಿ ಪರೀಕ್ಷೆಗೆ ಅಂತ ಒಂದು ವರ್ಷ ಗ್ಯಾಪ್ ತಗೋಬಹುದಾ?

ಉತ್ತರ: ತಗೊಳ್ಳಿ, ಆದ್ರೆ ಎಷ್ಟು ಅಟೆಂಪ್ಟ್, ಆಗದಿದ್ರೆ ಯಾವ ತಿಂಗಳಿಂದ ಕೆಲಸ ಹುಡುಕ್ತೀನಿ ಅನ್ನೋದನ್ನ ಈಗ್ಲೇ ಬರೆದು ಮನೆಯವ್ರ ಕೈಗೆ ಕೊಡಿ. ಮೊದಲ ರಿಸಲ್ಟ್ ಬಂದ್ಮೇಲೆ "ಸ್ವಲ್ಪದ್ರಲ್ಲಿ ಮಿಸ್ಸಾಯ್ತು" ಅನ್ಸುತ್ತೆ, ಆಗ ಯಾರ ಲೆಕ್ಕಾನೂ ಸರಿ ಇರಲ್ಲ. ಜೊತೆಗೆ ವಾರಕ್ಕೆ ಕೆಲವು ಗಂಟೆ ಟ್ಯೂಷನ್ನೋ ಪಾರ್ಟ್ ಟೈಮೋ ಏನಾದ್ರೂ ಇಟ್ಕೊಳ್ಳಿ, ಇಂಟರ್ವ್ಯೂನಲ್ಲಿ ಆ ವರ್ಷದ ಬಗ್ಗೆ ಕೇಳೇ ಕೇಳ್ತಾರೆ.