ಎಣ್ಣೆ ಕುಡಿದ ಚೆಂಡು

ಪ್ರಶ್ನೆ: ನನ್ನ ಭಾವ ದುಬೈಯಲ್ಲಿದ್ದಾಗ ಆಡುತ್ತಿದ್ದ, ಉರುಳಿಸಿ ಪಿನ್ನು ಬೀಳಿಸುವ ಬೌಲಿಂಗ್ ಆಟದ ಎರಡು ಚೆಂಡುಗಳನ್ನು ಊರಿಗೆ ಮರಳಿದ ಮೇಲೆ ನನಗೆ ಕೊಟ್ಟರು. ಒಂದು ಗಾಜಿನಂತೆ ಹೊಳೆಯುವ ಪ್ಲಾಸ್ಟಿಕ್ ಚೆಂಡು. ಇನ್ನೊಂದು 2004ರಲ್ಲಿ ಕೊಂಡ ರಿಯಾಕ್ಟಿವ್ ರೆಸಿನ್ ಚೆಂಡು. ಅದರ ಪಕ್ಕೆಯಲ್ಲಿ ಬೆರಳಿಗೆ ಸಂಬಂಧವೇ ಇಲ್ಲದ ನಾಲ್ಕನೆಯ ತೂತೊಂದಿದೆ. ಬೆಂಗಳೂರಿನ ಮಗಳ ಮನೆಗೆ ಹೋದಾಗಲೆಲ್ಲ ಆಡುತ್ತೇನೆ. ನಾನು ಬಲಗೈಯವನು. ರೆಸಿನ್ ಚೆಂಡು ಭಾವನ ಕೈಯಲ್ಲಿ ಕೊನೆಗೆ ಎಡಕ್ಕೆ ಕಚ್ಚಿಕೊಂಡು ತಿರುಗುತ್ತಿತ್ತಂತೆ. ನಾನು ಬೆಳಿಗ್ಗೆ ಎಸೆದರೆ ಜಾರಿಕೊಂಡು ಬಲಗಡೆಯ ಪಿನ್ನುಗಳತ್ತ ಹೋಗುತ್ತದೆ, ಸಂಜೆ ಎಸೆದರೆ ತುಸು ತಿರುಗುತ್ತದೆ. ಹಳೆಯದಾಯಿತೆಂದು ಎಸೆದುಬಿಡಲೇ?
– ಚಿತ್ರದುರ್ಗದ ಓದುಗರು

ಉತ್ತರ: ಬೇಡ. ನಿಮ್ಮ ಪತ್ರದಲ್ಲೇ ಅರ್ಧ ಉತ್ತರವಿದೆ. ಬೆಳಿಗ್ಗೆ ಮುದಿಯಾಗಿದ್ದ ಚೆಂಡು ಸಂಜೆಯ ಹೊತ್ತಿಗೆ ಹರೆಯಕ್ಕೆ ಬರುವುದಿಲ್ಲ. ಬದಲಾದದ್ದು ಲೇನಿನ, ಅಂದರೆ ಚೆಂಡು ಉರುಳುವ ಉದ್ದನೆಯ ಹಾಸಿನ, ಮೇಲಿನ ಎಣ್ಣೆ.

ನಾನು ಹರಿಹರದಲ್ಲಿ ಲೇತ್ ಯಂತ್ರದ ಮೇಲೆ ಕೈ ಪಳಗಿಸಿಕೊಂಡು, ಆಮೇಲೆ ಬೆಂಗಳೂರಿನ ಬೌಲಿಂಗ್ ಕೇಂದ್ರವೊಂದರಲ್ಲಿ ಪಿನ್ ನಿಲ್ಲಿಸುವ ಯಂತ್ರಗಳನ್ನು ರಿಪೇರಿ ಮಾಡುತ್ತ ಹದಿನಾರು ವರ್ಷ ಕಳೆದು, ಈಗ ದಾವಣಗೆರೆಯ ಮನೆಗೆ ಮರಳಿದವನು. ಅಲ್ಲಿ ಬೆಳಿಗ್ಗೆ ಲೇನಿಗೆ ಎಣ್ಣೆ ಹಚ್ಚುವ ಯಂತ್ರವನ್ನು ಓಡಿಸುತ್ತಿದ್ದವನೂ ನಾನೇ. ಆಡಲು ಬಂದವರು ಚೆಂಡನ್ನು ಬೈಯುತ್ತಿದ್ದರು, ಬೂಟನ್ನು ಬೈಯುತ್ತಿದ್ದರು, ಪಕ್ಕದ ಲೇನಿನವರ ಗದ್ದಲವನ್ನು ಬೈಯುತ್ತಿದ್ದರು. ಇವತ್ತು ಎಣ್ಣೆ ಎಷ್ಟು ಅಡಿ ಎಂದು ನನ್ನನ್ನು ಕೇಳಿದವರನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು.

ಎಸೆಯುವವರು ದಾಟಬಾರದ ಫೌಲ್ ಗೆರೆಯಿಂದ ಮೊದಲ ಪಿನ್ನಿಗೆ 60 ಅಡಿ. ಲೇನಿನ ಅಗಲ 39 ಬೋರ್ಡ್, ಅಂದರೆ ಉದ್ದಕ್ಕೆ ಹಾಸಿದ 39 ಹಲಗೆಪಟ್ಟಿ. ಎಣ್ಣೆ ಅಷ್ಟುದ್ದಕ್ಕೂ ಇರುವುದಿಲ್ಲ. ಸಾಮಾನ್ಯ ಕೇಂದ್ರಗಳಲ್ಲಿ ಮೊದಲ 40 ಅಡಿಯ ಆಸುಪಾಸಿನವರೆಗೆ ಹಚ್ಚುತ್ತಾರೆ, ಅದೂ ನಡುವೆ ದಪ್ಪ, ಎರಡೂ ಅಂಚಿಗೆ ತೆಳು. ಉಳಿದ ಇಪ್ಪತ್ತು ಅಡಿ ಒಣ. ಚೆಂಡು ಎಣ್ಣೆಯ ಮೇಲೆ ಜಾರಿ, ಒಣ ಜಾಗದಲ್ಲಿ ಹಿಡಿತ ಸಿಕ್ಕಿದ ಮೇಲೆ ತಿರುಗುತ್ತದೆ. ನಿಮ್ಮ ಕೋಟೆಯ ಕಲ್ಲುಮೆಟ್ಟಿಲನ್ನು ಮಳೆಯಲ್ಲಿ ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಲ್ಲು ಒಣಗಿದ್ದರೆ ಸವೆದ ಚಪ್ಪಲಿಯೂ ನಿಲ್ಲುತ್ತದೆ. ಒದ್ದೆಯಾದಾಗಲೇ ಅದರ ಬಣ್ಣ ಬಯಲಾಗುವುದು.

ನಿಮ್ಮ ರೆಸಿನ್ ಚೆಂಡು ಅಂಥ ಸವೆದ ಚಪ್ಪಲಿ. 1990ರ ದಶಕದ ಆರಂಭದಲ್ಲಿ ಬಂದ ಈ ಜಾತಿಯ ಚೆಂಡುಗಳ ಹೊರಪದರದಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ಹಿಡಿತ ಬರುವುದು ಅವುಗಳಿಂದಲೇ, ಆಯುಸ್ಸು ಕಳೆಯುವುದೂ ಅವುಗಳಿಂದಲೇ, ಏಕೆಂದರೆ ಚೆಂಡು ಪ್ರತಿ ಎಸೆತದಲ್ಲೂ ಲೇನಿನ ಎಣ್ಣೆಯನ್ನು ಒಳಗೆಳೆದುಕೊಳ್ಳುತ್ತದೆ. ಇಪ್ಪತ್ತು ವರ್ಷ ಎಣ್ಣೆ ಕುಡಿದವರ ಹಿಡಿತ ಹೇಗಿರುತ್ತದೆಂದು ಬೇರೆ ಹೇಳಬೇಕೆ? ಬೆಳಿಗ್ಗೆ ಹೊಸ ಎಣ್ಣೆಯ ಮೇಲೆ ಅದು ಜಾರುತ್ತಲೇ ಹೋಗುತ್ತದೆ. ದಿನವಿಡೀ ಜನ ಆಡಿ ಎಣ್ಣೆ ತೆಳುವಾದ ಮೇಲೆ, ಉಳಿದಿರುವ ಚೂರು ಹಿಡಿತವೇ ಸಾಕಾಗುತ್ತದೆ.

ಪ್ಲಾಸ್ಟಿಕ್ ಚೆಂಡಿಗೆ ಈ ಚಟವಿಲ್ಲ. ಅದು ಎಣ್ಣೆ ಹೀರುವುದಿಲ್ಲ, ಮುಂದಕ್ಕೆ ತಳ್ಳುತ್ತದೆ. ಅಂಥ ಚೆಂಡುಗಳೇ ಹೆಚ್ಚಾಗಿ ಓಡುವ ಲೇನಿನಲ್ಲಿ ಒಂದೆರಡು ಆಟವಾಗುವಷ್ಟರಲ್ಲಿ ಎಣ್ಣೆ ಒಣ ಜಾಗಕ್ಕೂ ತೆವಳಿರುತ್ತದೆ. ಪ್ಲಾಸ್ಟಿಕ್ ಚೆಂಡು ಜಾರುವುದಕ್ಕೆ ಕಾರಣ ಮೈಯ ಗಡಸುತನ. 1973ರಲ್ಲಿ ಅಮೆರಿಕದ ವೃತ್ತಿಪರ ಆಟಗಾರ ಡಾನ್ ಮೆಕ್‌ಕ್ಯೂನ್ ಪ್ಲಾಸ್ಟಿಕ್ ಚೆಂಡನ್ನು ರಾಸಾಯನಿಕದಲ್ಲಿ ನೆನೆಸಿ ಮೆದುವಾಗಿಸಿ, ಅದೊಂದೇ ವರ್ಷ ಆರು ಪ್ರಶಸ್ತಿ ಗೆದ್ದ. ಚೆಂಡು ಇಷ್ಟಾದರೂ ಗಡಸಾಗಿರಬೇಕೆಂಬ ನಿಯಮ ಬಂದದ್ದು ಆ ಗದ್ದಲದ ನಂತರ. ನೀವು ಆ ಸಾಹಸಕ್ಕೆ ಕೈ ಹಾಕಬೇಡಿ. ಆ ರಾಸಾಯನಿಕದ ಹೊಗೆ ಎದೆಗೆ ಒಳ್ಳೆಯದಲ್ಲ. ಬಲಮೂಲೆಯ ಹತ್ತನೆಯ ಪಿನ್ ಒಂದೇ ಉಳಿದಾಗ ನೆಟ್ಟಗೆ ಹೋಗಿ ಬಡಿಯಲು ಪ್ಲಾಸ್ಟಿಕ್ಕಿಗಿಂತ ಒಳ್ಳೆಯದು ಇನ್ನೊಂದಿಲ್ಲ. ಅದನ್ನು ಯಾರಿಗೂ ಕೊಟ್ಟುಬಿಡಬೇಡಿ.

ಈಗ ಎಣ್ಣೆಯ ಉದ್ದ. ಆಟಗಾರರಲ್ಲಿ ಒಂದು ಬಾಯಿಲೆಕ್ಕವಿದೆ: ಎಣ್ಣೆಯ ಅಡಿಗಳಿಂದ 31 ಕಳೆಯಿರಿ, ಎಣ್ಣೆ ಮುಗಿಯುವಲ್ಲಿ ಚೆಂಡು ಸುಮಾರಾಗಿ ಆ ಬೋರ್ಡಿನ ಮೇಲಿರಬೇಕು. ಬಲಗೈಯವರು ಬಲ ಅಂಚಿನಿಂದ ಎಣಿಸಬೇಕು. 40 ಅಡಿಯಾದರೆ ಒಂಬತ್ತನೆಯ ಬೋರ್ಡು. 45 ಅಡಿಯಾದರೆ ಹದಿನಾಲ್ಕನೆಯದು. ಒಣ ಜಾಗ ಹದಿನೈದೇ ಅಡಿ ಉಳಿಯುತ್ತದೆ, ನಿಮ್ಮ ಹಳೆಯ ರೆಸಿನ್‌ಗೆ ತಿರುಗಲು ಪುರಸೊತ್ತೇ ಸಿಗದು. ಅಂಥ ದಿನ ಆಚೆ ಎಸೆದು ಒಳಕ್ಕೆ ಬರುತ್ತದೆಂದು ಕಾಯಬೇಡಿ, ನಡುವಿನಿಂದ ನೇರವಾಗಿ ಆಡಿ. 33 ಅಡಿಯಾದರೆ ಎರಡನೆಯ ಬೋರ್ಡು, ಲೇನಿನ ಅಂಚಿನ ಕಾಲುವೆಯಾದ ಗಟರ್ ಪಕ್ಕದಲ್ಲೇ. ನಿಮ್ಮ ಚೆಂಡಿಗೆ ಮರ್ಯಾದೆ ಬರುವುದು ಇಲ್ಲಿ. ಹೊಸ ರೆಸಿನ್ ಚೆಂಡು ಒಣ ಜಾಗ ಕಂಡೊಡನೆ ಮೂಗುದಾರ ಕಿತ್ತ ಹೋರಿಯಂತೆ ಎಡಕ್ಕೆ ನುಗ್ಗಿಬಿಡುತ್ತದೆ. ಸುಸ್ತಾದ ಹಳೆಯದು ನಿಧಾನವಾಗಿ ಬಾಗುತ್ತದೆ. ಗಿಡ್ಡ ಎಣ್ಣೆಯ ದಿನ ವೃತ್ತಿಪರರು ಇಂದಿಗೂ 1980ರ ದಶಕದಲ್ಲಿ ಬಂದ ಯುರೇಥೇನ್ ಜಾತಿಯ ಚೆಂಡನ್ನು ಹೊರತೆಗೆಯುವುದು ಇಂಥದೇ ಸಮಾಧಾನದ ಬಾಗಿಗಾಗಿ.

ಚೆಂಡಿಗೆ ಚಿಕಿತ್ಸೆಯೂ ಇದೆ. ಮೊದಲು ಒಂದು ಪರೀಕ್ಷೆ. ಎಸೆದ ಚೆಂಡು ವಾಪಸು ಬಂದಾಗ ಮೈಮೇಲಿನ ಎಣ್ಣೆಯ ಉಂಗುರಗಳನ್ನು ನೋಡಿ. ಉಂಗುರಗಳು ಬಿಡಿಬಿಡಿಯಾಗಿದ್ದರೆ ಚೆಂಡು ಪ್ರತಿ ಸುತ್ತಿಗೂ ಮೈಯ ಹೊಸ ಭಾಗವನ್ನು ನೆಲಕ್ಕೆ ಕೊಡುತ್ತಿದೆ. ಎಲ್ಲ ಒಂದರ ಮೇಲೊಂದು ಬಿದ್ದಿದ್ದರೆ ಅದೇ ಎಣ್ಣೆಯ ಪಟ್ಟಿಯ ಮೇಲೆ ಉರುಳುತ್ತಿದೆ. ಆಗ ಮೈ ತೊಳೆದರೂ ಹೆಚ್ಚಿನ ಲಾಭವಿಲ್ಲ. ಬಿಡಿಯಾಗಿದ್ದರೆ ಬೆರಳಿನ ತೂತುಗಳನ್ನು ನೀರು ನುಗ್ಗದ ಟೇಪಿನಿಂದ ಮುಚ್ಚಿ, 55 ಡಿಗ್ರಿ ಮೀರದ ನೀರಿಗೆ ಪಾತ್ರೆ ತೊಳೆಯುವ ಸೋಪಿನ ನಾಲ್ಕು ಹನಿ ಬಿಟ್ಟು, ಚೆಂಡನ್ನು ಕಾಲು ಗಂಟೆ ಮುಳುಗಿಸಿಡಿ. ನೀರಿನ ಮೇಲೆ ಜಿಡ್ಡು ತೇಲುತ್ತದೆ. ಒರೆಸಿ, ಜಿಡ್ಡು ನಿಲ್ಲುವವರೆಗೆ ಮತ್ತೆ ಮಾಡಿ. ಒಣಗಿದ ಮೇಲೆ 1000 ನಂಬರಿನ ಉಜ್ಜುವ ಪ್ಯಾಡಿನಿಂದ ಮೈಯ ಹೊಳಪು ತೆಗೆಸಿ. ಹೊಳಪು ಕಣ್ಣಿಗೆ ಚೆಂದ, ಎಣ್ಣೆಯಲ್ಲಿ ಹಿಡಿತ ಬೇಕಾದರೆ ಮಂಕಾದ ಮೈಯೇ ಬೇಕು. ಹೊಚ್ಚ ಹೊಸದರಂತೆ ಆಗುವುದಿಲ್ಲ, ಆದರೆ ಬೆಳಗಿನ ಎಣ್ಣೆಯಲ್ಲೂ ಸ್ವಲ್ಪ ಮಾತು ಕೇಳುತ್ತದೆ.

ಡಿಗ್ರಿಯ ವಿಷಯದಲ್ಲಿ ಅವಸರ ಬೇಡ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಹೆಚ್ಚು ಬಿಸಿಯಾದರೆ ಬೇಗ ಎಣ್ಣೆ ಬಿಡುತ್ತದೆಂದು ಗೆಳೆಯನೊಬ್ಬನ ಚೆಂಡನ್ನು ಕುದಿಯುವ ನೀರಿನ ಹಂಡೆಗೆ ಇಳಿಸಿದ್ದೆ. ಹೆಬ್ಬೆರಳಿನ ತೂತಿನಿಂದ ಹೊರಟ ಬಿರುಕು ಅರ್ಧ ಚೆಂಡನ್ನು ಸುತ್ತಿತ್ತು. ಎರಡು ತಿಂಗಳು ಸಂಬಳದಲ್ಲಿ ಕಂತು ಕಟ್ಟಿ ತೀರಿಸಿದೆ.

ನಾಲ್ಕನೆಯ ತೂತು ತೂಕ ಸರಿದೂಗಿಸಲು ಕೊರೆದದ್ದು. ಅಮೆರಿಕದ ನಿಯಮದಲ್ಲಿ 2020ರ ಆಗಸ್ಟ್ 1ರಿಂದ ಅದಕ್ಕೆ ಅವಕಾಶವಿಲ್ಲ. ಹಿಡಿಯಲು ಬಳಸದ ತೂತು ಇರಕೂಡದು. ಮಗಳ ಜೊತೆ ಆಡಲು ಅಡ್ಡಿಯಿಲ್ಲ. ಸ್ಪರ್ಧೆಗೆ ಹೋಗುವುದಾದರೆ ಮುಚ್ಚಿಸಿ.

ಪ್ರಶ್ನೆ: ಬೇಸಿಗೆಯಲ್ಲಿ ಕಾರಿನ ಡಿಕ್ಕಿಯಲ್ಲಿಟ್ಟ ನನ್ನ ಚೆಂಡು ಬೆವರಿದಂತೆ ಎಣ್ಣೆ ಬಿಡುತ್ತದೆ. ಖರ್ಚಿಲ್ಲದ ಚಿಕಿತ್ಸೆಯಾಯಿತಲ್ಲವೇ?
– ದಾವಣಗೆರೆಯ ಓದುಗರು

ಉತ್ತರ: ನಮ್ಮೂರಿನ ಏಪ್ರಿಲ್ ಬಿಸಿಲಿನಲ್ಲಿ ಡಿಕ್ಕಿ ಎಷ್ಟು ಕಾಯುತ್ತದೆಂದು ಅಳೆದಿದ್ದೀರಾ? ಒಳಗಿನ ತಿರುಳೂ ಹೊರಪದರವೂ ಒಂದೇ ಸಮನೆ ಹಿಗ್ಗುವುದಿಲ್ಲ. ಹಾಗೆ ಕಾದ ಚೆಂಡನ್ನು ಎ.ಸಿ. ಹಾಕಿದ ಕೇಂದ್ರದೊಳಗೆ ತಂದು ಎಸೆಯುತ್ತೀರಿ. ಮೇಲೆ ಹೇಳಿದ ಹಂಡೆಯ ಕಥೆಯನ್ನು ಇನ್ನೊಮ್ಮೆ ಓದಿ, ಚೆಂಡನ್ನು ಮನೆಯೊಳಗೆ ಮಂಚದ ಕೆಳಗಿಡಿ.